ಹೊಲಿಗೆ ಯಂತ್ರದ ಮುಂದಿನಿಂದ ನನ್ನನ್ನು ಎಬ್ಬಿಸಿದ ಮೇಲ್ವಿಚಾರಕರಿಗೆ

ಪೆರಾಬೆ,
12 ಫೆಬ್ರವರಿ 1962

ಮಹಿಳಾ ಹೊಲಿಗೆ ತರಗತಿಗಳ ಮೇಲ್ವಿಚಾರಕರ ಸನ್ನಿಧಿಗೆ, ಪುತ್ತೂರು.

ಮಾನ್ಯರೇ,

ಪೆರಾಬೆಯ ದುಗ್ಗಮ್ಮ, ಪ್ರಾಯ ಐವತ್ತೇಳು, ತಮಗೂ ತಮ್ಮ ಕುರ್ಚಿಗೂ ಕುರ್ಚಿಯ ಮುಂದಿನ ಮೇಜಿಗೂ ಬೇರೆ ಬೇರೆಯಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮ. ತಾವು ಪರಮ ಕ್ಷೇಮವೆಂಬುದು ತಮ್ಮ ಆಜ್ಞೆಯ ಗಟ್ಟಿತನದಿಂದಲೇ ತಿಳಿಯಿತು. ನಾನು ಇನ್ನು ಹೊಲಿಗೆ ಯಂತ್ರವನ್ನು ಮುಟ್ಟಕೂಡದೆಂಬ ಆ ಆಜ್ಞೆ ಮೊನ್ನೆ ಶನಿವಾರದ ಟಪಾಲಿನಲ್ಲಿ ಬಂತು. ನಮ್ಮ ಮನೆಯವರು ಮೂವತ್ತು ವರ್ಷ ಊರವರಿಗೆಲ್ಲ ಅರ್ಜಿ ಬರೆದುಕೊಟ್ಟವರು, ಜಗಲಿಯಲ್ಲಿ ಅವರು ಗಟ್ಟಿಯಾಗಿ ಓದುತ್ತಿದ್ದುದನ್ನು ಒಳಗಿನಿಂದ ಕೇಳಿ ಕೇಳಿಯೇ ನನಗೆ ಈ ಭಾಷೆ ಬಂದದ್ದು. ಆದ್ದರಿಂದ ಇದನ್ನು ಬರೆದುಕೊಟ್ಟವರು ಯಾರೆಂದು ಇನ್ನೊಂದು ತನಿಖೆಗೆ ಹೊರಟು ಆಯಾಸ ಮಾಡಿಕೊಳ್ಳಬೇಡಿ. ಪತ್ರದ ಒಂದು ಪ್ರತಿಯನ್ನು ಎಲ್ಲರೂ ಓದಲೆಂದು ತರಗತಿಯ ಬಾಗಿಲಿಗೆ ಅಂಟಿಸಿದ್ದೇನೆ.

ಹದಿನೆಂಟರಿಂದ ಮೂವತ್ತೈದರೊಳಗಿನ ಹೆಂಗಸರು ಮಾತ್ರ ಹೊಲಿಗೆ ಕಲಿಯತಕ್ಕದ್ದು, ಅದಕ್ಕೂ ಮೇಲಿನವರಿಗೆ ಕಲಿಸಿದರೆ ದೇಶಕ್ಕೆ ಪ್ರಯೋಜನವಿಲ್ಲ ಎಂದು ಬರೆದಿದ್ದೀರಿ. ಎಷ್ಟು ದೂರದ ಆಲೋಚನೆ! ಮೂರನೆಯ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ ಎಂಬ ಚಿಂತೆ ನಾನು ಹೆತ್ತ ಮಕ್ಕಳಿಗೂ ಈವರೆಗೆ ಬಂದಿರಲಿಲ್ಲ.

ನಾನು ಅಲ್ಲಿಗೆ ಕಲಿಯಲು ಹೋದವಳೇ ಅಲ್ಲ. ಪ್ರಾಯದ ಹೆಣ್ಣುಮಕ್ಕಳನ್ನು ಎರಡು ಮೈಲಿ ದಾರಿ ಅವರಷ್ಟಕ್ಕೇ ಬಿಡುವ ಕ್ರಮ ನಮ್ಮಲ್ಲಿಲ್ಲ, ಹಿಂದಿನಿಂದ ಒಬ್ಬಳು ಮುದುಕಿ ನಡೆಯಬೇಕು. ಕಳೆದ ಜುಲೈಯಲ್ಲಿ ತರಗತಿ ಶುರುವಾದಾಗ ನನ್ನ ಕಿರಿಸೊಸೆ ಸೇವಂತಿ ಮತ್ತು ನೆರೆಕರೆಯ ಐದು ಹುಡುಗಿಯರ ಪಾಲಿಗೆ ಆ ಮುದುಕಿ ನಾನಾದೆ. ಮೂರು ವಾರ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಜಗಿದೆ. ಅಷ್ಟರಲ್ಲಿ ಸೇವಂತಿ ಏಳು ತಿಂಗಳಾಯಿತೆಂದು ಇಚಿಲಂಪಾಡಿಯ ತವರಿಗೆ ಹೋದಳು. ಅವಳ ಯಂತ್ರ ಖಾಲಿಯಾಯಿತು, ಉಳಿದ ಐವರನ್ನು ಕರೆತರುವ ನನ್ನ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಕಲಿಸುವ ಹರಿಣಾಕ್ಷಿ ಟೀಚರು, "ಸುಮ್ಮನೆ ಕೂತು ಎಂತ ಮಾಡುದು ದುಗ್ಗಮ್ಮಕ್ಕ? ಒಂದು ಗೆರೆ ಹೊಲಿದು ನೋಡಿ, ಅದೇನು ಕಚ್ಚುದಿಲ್ಲ" ಎಂದರು. ಸೇವಂತಿಯ ಹೆಸರು ಹೊಡೆದುಹಾಕಿದರೆ ಯಂತ್ರ ಬೇರೆ ಊರಿಗೆ ಹೋದೀತೆಂಬ ಹೆದರಿಕೆಯಿಂದ, ಹಾಜರಿಯಲ್ಲಿ ಅವಳ ಹೆಸರು ಕರೆದಾಗಲೆಲ್ಲ ನಾನೇ "ಉಂಟು" ಎನ್ನತೊಡಗಿದೆ. ಇದು ಅಪರಾಧ, ಒಪ್ಪಿದ್ದೇನೆ.

ಈ ಅಪರಾಧದಿಂದಾದ ಹಾನಿಯನ್ನು ತಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮೊದಲು ಹಾನಿಯಾದದ್ದು ನನಗೆ ಮದ್ದು ಕೊಡುತ್ತಿದ್ದ ಡಾಕ್ಟರರಿಗೆ. ಎರಡು ವರ್ಷದಿಂದ ನನಗೆ ಎದೆ ಹಿಡಿಯುವುದು, ಏದುಸಿರು. ಅವರು ಕೆಂಪು ಟಾನಿಕ್ಕಿನ ಬಾಟಲಿಗಳನ್ನು ಬರೆದುಕೊಡುವುದು, ನಾನು ಕುಡಿಯುವುದು. ನಮ್ಮ ದರ್ಜಿ ಪೋಕರ್ ಬಹಳ ಮರ್ಯಾದಸ್ಥ, ಹೆಂಗಸರ ಮೈಗೆ ಅಳತೆಪಟ್ಟಿ ಹಿಡಿಯುವವನಲ್ಲ. ಮನೆಯಿಂದ ಒಂದು ಹಳೆಯ ರವಕೆ ಕಳಿಸಬೇಕು, ಅದರ ಅಳತೆಗೆ ಹೊಸದನ್ನು ಹೊಲಿಯುತ್ತಾನೆ. ಆ ಹೊಸದು ಒಗೆದು ಒಗೆದು ಕುಗ್ಗಿದ ಮೇಲೆ ಅದೇ ಅಳತೆಗೆ ಹೋಗುತ್ತದೆ. ಹೀಗೆ ಇಪ್ಪತ್ತೈದು ವರ್ಷ ರವಕೆಗಳು ಕುಗ್ಗುತ್ತಾ ಬಂದವು, ನಾನು ಹಿಗ್ಗುತ್ತಾ ಬಂದೆ. ಟೀಚರು ಮೊದಲ ಪಾಠಕ್ಕೆಂದು ನನ್ನ ಎದೆಯಳತೆ ತೆಗೆದು, ರವಕೆಯದ್ದನ್ನೂ ತೆಗೆದು, "ನೀವು ಇಷ್ಟು ದಿನ ಉಸಿರಾಡಿದ್ದು ಹೇಗೆ ಮಾರಾಯ್ರೆ?" ಎಂದರು. ನಾಲ್ಕು ಇಂಚಿನ ವ್ಯತ್ಯಾಸ. ನನ್ನ ಕೈಯಾರೆ ವಕ್ರವಕ್ರವಾಗಿ ಹೊಲಿದ ರವಕೆ ತೊಟ್ಟ ದಿನವೇ ಎದೆನೋವು ಹೋಯಿತು.

ಎರಡನೆಯ ಹಾನಿ ನನ್ನ ಬಾಯಿಗೆ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವಾಗ ಯಾರನ್ನೂ ಬೈಯಲಾಗುವುದಿಲ್ಲ. ಮೊದಲು ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ, ಮಜ್ಜಿಗೆಗೆ ಕಡಿಮೆ ಎಂದು ದಿನವಿಡೀ ವಟಗುಟ್ಟುತ್ತಿದ್ದವಳು ಈಗ ಕಾಲರಿನ ತಿರುವು ಸರಿ ಬಂತೇ ಎಂದು ಯೋಚಿಸುತ್ತಾ ಹಿರಿಸೊಸೆ ಬಡಿಸಿದ್ದನ್ನು ಉಂಡು ಏಳುತ್ತೇನೆ. ನಮ್ಮ ಮನೆಯವರಿಗೆ ಇದರಿಂದ ಗಾಬರಿಯಾಗಿ, "ನಿನಗೆ ಹುಷಾರು ಉಂಟಲ್ಲ?" ಎಂದು ಎರಡು ಸಲ ಕೇಳಿದ್ದಾರೆ.

ಒಂದು ಮಾತನ್ನು ಮಾತ್ರ ವ್ಯಂಗ್ಯವಿಲ್ಲದೆ ಬರೆಯುತ್ತೇನೆ. ಸೊಸೆ ಬಂದ ಮೇಲೆ ಸೌಟು ಅವಳಿಗೆ ಕೊಟ್ಟುಬಿಡುವುದು ಮರ್ಯಾದೆ, ನಾನೂ ಹಿರಿಸೊಸೆಗೆ ಕೊಟ್ಟೆ. ಕೊಟ್ಟ ಮಾರನೆಯ ದಿನದಿಂದ ಈ ಎರಡು ಕೈಗಳನ್ನು ಎಲ್ಲಿ ಇಡುವುದೆಂದೇ ತಿಳಿಯಲಿಲ್ಲ. ಎರಡು ವರ್ಷ ಅವು ಮಡಿಲಲ್ಲಿ ಬಿದ್ದುಕೊಂಡಿದ್ದವು. ಯಂತ್ರದ ಗಾಲಿ ತಿರುಗಿಸಿದ ದಿನ ನನ್ನ ಕೈಗಳು ನನಗೆ ವಾಪಸು ಸಿಕ್ಕಿದವು, ಅದಕ್ಕೆ ನನಗೆ ಬಹಳ ಸಂತೋಷವಾಯಿತು.

ತಾವು ತನಿಖೆಗೆ ಬಂದದ್ದು ಇಂಥ ಹೊತ್ತಿನಲ್ಲಿ. ಪುಸ್ತಕ ನೋಡಿ, "ಸೇವಂತಿ, ಪ್ರಾಯ ಇಪ್ಪತ್ತೆರಡು" ಎಂದು ಕೂಗಿದಿರಿ; ಅಭ್ಯಾಸಬಲದಿಂದ ನಾನು ಎದ್ದು ನಿಂತೆ. ತಾವು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, "ಇದು ಯಾವ ಸೀಮೆಯ ಇಪ್ಪತ್ತೆರಡು?" ಎಂದಿರಿ. ಹುಡುಗಿಯರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ತಾವು ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದಾಗ ನಗು ಬರಲಿಲ್ಲ. ಸೂಜಿಗೆ ನೂಲು ಪೋಣಿಸಲು ನಾನು ದಿನಕ್ಕೆ ಇಪ್ಪತ್ತು ಸಲ ಬಗ್ಗುತ್ತೇನೆ. ತಮಗಾಗಿ ಅಂದು ಅಲ್ಲಿಟ್ಟ ಕುರ್ಚಿಯನ್ನು ತಾವೇ ಎಳೆದುಕೊಳ್ಳಲು ತಾವು ಒಂದು ಸಲವೂ ಬಗ್ಗಲಿಲ್ಲ.

ಹುಡುಗಿಯರನ್ನು ಕರೆತರಲು ನನ್ನ ಪ್ರಾಯದ ಅಡ್ಡಿಯಿಲ್ಲವೆಂದೂ ಆಜ್ಞೆಯಲ್ಲಿ ಕೃಪೆ ತೋರಿದ್ದೀರಿ. ಅಂದರೆ ಎರಡು ಮೈಲಿ ನಡೆದು ಬರಲು, ಮೂರು ಗಂಟೆ ಬೆಂಚು ಕಾಯಲು, ಮತ್ತೆ ಎರಡು ಮೈಲಿ ನಡೆಯಲು ಐವತ್ತೇಳು ಸರಿಯಾದ ಪ್ರಾಯ; ಯಂತ್ರದ ಮುಂದೆ ಕೂತು ಕಾಲಾಡಿಸಲು ಮಾತ್ರ ಮೀರಿದ ಪ್ರಾಯ. ಇದನ್ನು ಸಂಪೂರ್ಣವಾಗಿ ಗೌರವಿಸುತ್ತಾ ಎರಡು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತೇನೆ. ಸರಕಾರದವರು ಆಣೆಯನ್ನು ನಯಾ ಪೈಸೆ ಮಾಡಿದರು, ಗಜವನ್ನು ಮೀಟರು ಮಾಡಿದರು, ಸೇರನ್ನು ಕಿಲೋ ಮಾಡಿದರು. ಹಾಗೆಯೇ ಪ್ರಾಯಕ್ಕೂ ಒಂದು ಹೊಸ ಅಳತೆ ತಂದು, ಹಳೆಯ ಐವತ್ತೇಳು ಹೊಸ ಲೆಕ್ಕದಲ್ಲಿ ಮೂವತ್ತನಾಲ್ಕೂವರೆ ಎಂದು ಒಂದು ಪಟ್ಟಿ ಅಚ್ಚು ಹಾಕಿಸಿದರೆ ಉಪಕಾರವಾಗುತ್ತದೆ. ಎರಡನೆಯದು, ನನ್ನ ನಾಲ್ಕು ತಿಂಗಳ ಮೊಮ್ಮಗಳ ಅಂಗಿಗೆ ಒಂದು ತೋಳು ಇಟ್ಟಾಗಿದೆ, ಇನ್ನೊಂದನ್ನು ಇಡುವ ಮೊದಲು ಆಜ್ಞೆ ಬಂತು. ಉಳಿದ ಕೈಯನ್ನು ಶಾಶ್ವತವಾಗಿ ಅಂಗಿಯ ಒಳಗೇ ಇಟ್ಟುಕೊಳ್ಳತಕ್ಕದ್ದೆಂದು ಆ ಮಗುವಿಗೂ ಒಂದು ಆಜ್ಞೆ ಕಳಿಸಿಬಿಡಿ. ಅವಳಿಗೆ ಇನ್ನೂ ಓದಲು ಬಾರದು, ಆದರೆ ಪ್ರಾಯ ಮೂವತ್ತೈದರ ಒಳಗೇ ಇದೆ.

ಇವೆರಡೂ ಆಗದಿದ್ದರೆ, ನನಗೆ ನನ್ನ ಯಂತ್ರದ ಮುಂದಿನ ಜಾಗ ಬೇಕು. ಅಷ್ಟೇ.

ಇನ್ನೂ ನೆಟ್ಟಗೆ ಹೊಲಿಯಬಲ್ಲ, ಈಗ ಸರಾಗವಾಗಿ ಉಸಿರಾಡಬಲ್ಲ,
ತಮ್ಮ ವಿಶ್ವಾಸಿ,
ದುಗ್ಗಮ್ಮ

ವಿ.ಸೂ.: ಹರಿಣಾಕ್ಷಿ ಟೀಚರಿಗೆ ಮದುವೆ ನಿಶ್ಚಯವಾಗಿ, ಬರುವ ತಿಂಗಳು ಜಾಲ್ಸೂರಿಗೆ ಹೋಗುತ್ತಾರೆ. ಅವರ ಜಾಗಕ್ಕೆ ಜನ ಬೇಕೆಂದು ತಾವು ಹೊರಡಿಸಿದ ಪ್ರಕಟಣೆ ಓದಿದೆ. ಊರಿನ ಹೆಂಗಸಾಗಿರಬೇಕು, ಇಂಥದೇ ತರಗತಿಯಲ್ಲಿ ಆರು ತಿಂಗಳು ಕಲಿತಿರಬೇಕು ಎಂದಿದೆ. ಪ್ರಾಯದ ಮಿತಿ ಬರೆಯಲು ತಮಗೆ ಮರೆತುಹೋಗಿದೆ. ನನ್ನ ಅರ್ಜಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕಲಿತದ್ದಕ್ಕೆ ರುಜುವಾತಾಗಿ ತಮ್ಮ ಆಜ್ಞೆಯ ನಕಲೇ ಸಾಕು: "ಸದರಿ ದುಗ್ಗಮ್ಮ ಎಂಬಾಕೆ ಪೂರ್ತಿ ಆರು ತಿಂಗಳು ತರಗತಿಯಲ್ಲಿ ಹೊಲಿಗೆ ಕಲಿತಿರುವುದು ತನಿಖೆಯಿಂದ ಸಾಬೀತಾಗಿದೆ" ಎಂದು ಅದರಲ್ಲಿ ಸ್ಪಷ್ಟವಾಗಿ ಉಂಟು, ಕೆಳಗೆ ತಮ್ಮದೇ ಸಹಿ.