ಇಪ್ಪತ್ತು ಪಟ್ಟಿನ ದುರ್ಬೀನು

“ನಾನು ಮುಟ್ಟಿದ ಗಡಿಯಾರ ಹಿಂದೆ ಬಿತ್ತು ಅಂದ್ರೆ ಅವತ್ತೇ ಅಂಗಡಿ ಬಾಗಿಲು ಹಾಕ್ತೀನಿ!”

ಊಟದ ಮೇಜು ಬಡಿದು ಹೀಗೆ ಶಪಥ ಮಾಡಿದವರು ಗಡಿಯಾರ ರಿಪೇರಿಯವರು. ಬೀದಿಯವರ ಬಾಯಲ್ಲಿ ಟಿಕ್‌ಟಿಕ್ ಮಾಮ. ಹೋದ ವಾರವಷ್ಟೇ ಊರಿನ ಗೋಪುರ ಹತ್ತಿ, ಅಲ್ಲಿಯ ಗಡಿಯಾರದ ದೊಡ್ಡ ಮುಳ್ಳನ್ನು ಅಲುಗದಂತೆ ಕಟ್ಟಿ, ಒರೆಸಿ, ಎಣ್ಣೆ ಹಾಕಿ, ವಿಜಯಿಯಾಗಿ ಇಳಿದಿದ್ದರು. ಅದು ಐದು ನಿಮಿಷ ಹಿಂದಿದೆ ಎನ್ನುವ ಧೈರ್ಯ ಇಡೀ ಊರಿನಲ್ಲಿ ಒಬ್ಬರಿಗೇ ಇದ್ದದ್ದು. ಅವರ ಹೆಂಡತಿಗೆ!

“ಅದನ್ನ ನಂಬ್ಕೊಂಡು ಎರಡು ಸಲ ಬಸ್ ತಪ್ಪಿಸ್ಕೊಂಡಿದೀನಿ ರೀ.”

“ಬಸ್ಸು ಬೇಗ ಬಂದಿರತ್ತೆ! ಅದಿರ್ಲಿ, ನನ್ನ ಹಳದಿ ಒರೆಸೋ ಬಟ್ಟೆ ಎಲ್ಲಿಟ್ಟೆ? ಒಂದು ವಾರದಿಂದ ಹುಡುಕ್ತಿದೀನಿ.”

“ನಾನು ಮುಟ್ಟೇ ಇಲ್ಲ.”

“ಈ ಮನೇಲಿ ಇಟ್ಟಿದ್ದು ಇಟ್ಟ ಕಡೆ ಇರೋದೇ ಇಲ್ಲ!”

ಗೋಪುರದ ಕೆಳಗೆ ನಿಂತು ಕತ್ತೆತ್ತಿದ್ದರೆ ಗಡಿಯಾರದ ವ್ಯಾಜ್ಯ ಅಲ್ಲೇ ತೀರುತ್ತಿತ್ತು. ಆದರೆ ತಾವೇ ರಿಪೇರಿ ಮಾಡಿದ್ದನ್ನು ನಡುಬೀದಿಯಲ್ಲಿ ಪರೀಕ್ಷಿಸುವುದೆಂದರೆ ಮಾನದ ಪ್ರಶ್ನೆ. ಮನೆಯ ಟೆರೇಸಿನಿಂದಲೂ ಗೋಪುರ ಕಾಣುತ್ತದೆ, ಮುಳ್ಳು ಮಾತ್ರ ಕಾಣುವುದಿಲ್ಲ. ಹಾಗಾಗಿ ಮಾಮ ದುರ್ಬೀನು ಕೊಳ್ಳಲು ಹೊರಟರು.

“ಎಂಟು ಪಟ್ಟು ದೊಡ್ಡದಾಗಿ ತೋರಿಸೋದು ತಗೊಳ್ಳಿ ಸಾರ್,” ಎಂದರು ಅಂಗಡಿಯವರು. “ಇಪ್ಪತ್ತರದು ಸ್ಟ್ಯಾಂಡ್ ಇಲ್ದೆ ನಿಲ್ಲಲ್ಲ.”

“ಕೂದಲಿನಂಥ ಸ್ಪ್ರಿಂಗ್ ಹಿಡಿದು ಮೂವತ್ತು ವರ್ಷ ಪಳಗಿದ ಕೈ ರೀ ಇದು! ಅಲುಗಾಡತ್ತಾ? ಇಪ್ಪತ್ತರದೇ ಕೊಡಿ.”

ಆಮೇಲೆ ಶುರುವಾಯಿತು ಮಹಾಪರೀಕ್ಷೆ! ಗಾಜನ್ನು ಬೆಳಕಿಗೆ ಓರೆ ಮಾಡಿ ಲೇಪನದ ಹೊಳಪು ನೋಡಿದರು. ಎದುರು ಅಂಗಡಿಯ ಬೋರ್ಡಿನ ಅಕ್ಷರಗಳು ನಡುವೆ ಇದ್ದಷ್ಟೇ ಅಂಚಿನಲ್ಲೂ ಸ್ಪಷ್ಟವಾಗಿವೆಯೇ ಎಂದು ಓದಿದರು. ಕಳಪೆ ಗಾಜಿನಲ್ಲಿ ಕಾಣುವ ನೇರಳೆ ಬಣ್ಣ ಕರೆಂಟ್ ತಂತಿಯ ಸುತ್ತ ಇಣುಕುತ್ತದೆಯೇ ಎಂದು ಹುಡುಕಿದರು. ಇಷ್ಟೂ ಪರೀಕ್ಷೆ ನಡೆದದ್ದು ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಬಲಗಣ್ಣನ್ನು ಒಂದೇ ಕೊಳವೆಗೆ ಒತ್ತಿ!

“ಎರಡೂ ಕಣ್ಣಲ್ಲಿ ನೋಡಿ ಸಾರ್.”

“ನಮ್ಮ ಕಸುಬಲ್ಲಿ ಒಂದೇ ಕಣ್ಣು ದುಡಿಯೋದು. ಇನ್ನೊಂದಕ್ಕೆ ರಜ!”

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಟೆರೇಸಿನಲ್ಲಿ ವಿಚಾರಣೆ. ಸಾಕ್ಷಿಗೆ ಹೆಂಡತಿಯ ತಾಯಿ. ಮಾಮ ದುರ್ಬೀನು ಎತ್ತಿದರು. ಅಯ್ಯೋ! ಪಳಗಿದ ಕೈಯ ನಡುಕವೂ ಇಪ್ಪತ್ತು ಪಟ್ಟಾಗಿ ಗೋಪುರ ಕುಣಿಯತೊಡಗಿತು. ಗಡಿಯಾರ ಒಮ್ಮೆ ಮೋಡದಲ್ಲಿ, ಒಮ್ಮೆ ಪಕ್ಕದ ಮನೆಯ ನೀರಿನ ಟ್ಯಾಂಕಿನಲ್ಲಿ! ಮುಳ್ಳು ಯಾವುದೆಂದು ಅವರಿಗೆ ತಿಳಿಯಲೇ ಇಲ್ಲ.

“ಸರಿಯಾಗಿ ಹನ್ನೆರಡು!” ಎಂದು ಘೋಷಿಸಿಬಿಟ್ಟರು.

ಅತ್ತೆ ದುರ್ಬೀನನ್ನು ಟೆರೇಸಿನ ಗೋಡೆಗೆ ಒರಗಿಸಿ ನೋಡಿದರು. “ಅಳಿಯಂದ್ರೇ, ಎರಡನೇ ಗೋಪುರ ಯಾವಾಗ ಕಟ್ಟಿದ್ರು?”

ಹೆಂಡತಿ ಗೋಡೆಯ ಮೇಲೆ ಎರಡು ದಿಂಬು ಪೇರಿಸಿ, ದುರ್ಬೀನು ಊರಿ, ನಿಧಾನವಾಗಿ ನೋಡಿದರು. “ಅಮ್ಮ ಹೇಳೋದು ನಿಜ. ಎರಡು ಗಡಿಯಾರ ಇವೆ. ಎರಡೂ ಐದು ನಿಮಿಷ ಹಿಂದಿವೆ.”

ಮಾಮ ಕಸಿದುಕೊಂಡು, ದಿಂಬಿನ ಮೇಲಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಎರಡೂ ಕಣ್ಣು ತೆರೆದರು. ಎರಡು ಕೊಳವೆಗಳೂ ಮುನಿಸಿಕೊಂಡ ಗಂಡಹೆಂಡಿರಂತೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದವು! ಅಂಗಡಿಯವರ ಮಾತು ಮಾಮನಿಗೆ ಈಗ ನೆನಪಾಯಿತು. ಆದರೆ ಮರುಕ್ಷಣವೇ ಜೀವ ಬಂತು. ದುರ್ಬೀನೇ ಸರಿಯಿಲ್ಲದಿದ್ದರೆ ಗಡಿಯಾರ ನಿರಪರಾಧಿ ತಾನೇ?

“ಮಾಲೇ ಸರಿಯಿಲ್ಲ! ಇದರಲ್ಲಿ ಕಂಡಿದ್ದನ್ನ ನಂಬೋ ಹಾಗಿಲ್ಲ.”

“ಹಾಗಾದ್ರೆ ನಿಮ್ಮ ಥರಾನೇ ನೋಡ್ತೀನಿ, ಇರಿ.” ಹೆಂಡತಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಒತ್ತಿದರು. “ಅಬ್ಬಬ್ಬಾ! ಗಾಜು ಮಾತ್ರ ಭಾರಿ ಚೆನ್ನಾಗಿದೆ ರೀ. ಅಂಚಿನವರೆಗೂ ಸ್ಪಷ್ಟ. ಬಣ್ಣ ಅಂತೂ ಒಂಚೂರೂ ಮಾಸಿಲ್ಲ!”

ಮಾಮನ ಎದೆ ಉಬ್ಬಿತು. “ಆರಿಸಿದ್ದು ಯಾರು ಮತ್ತೆ?”

“ನೀವೇ! ಅದಕ್ಕೇ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ, ದೊಡ್ಡ ಮುಳ್ಳಿಗೆ ಜೋತುಬಿದ್ದು ಅದನ್ನ ಹಿಂದಕ್ಕೆ ಜಗ್ತಿರೋ, ನೀವು ಕಟ್ಟಿ ಮರೆತು ಬಂದಿರೋ ನಿಮ್ಮ ಹಳದಿ ಬಟ್ಟೆ!”