ಹೆಸರು ಹೇಳದ ಪ್ರಾರ್ಥನೆ

ಶೋಶಾಮ್ಮ: ಹೆಸರು ಹೇಳಿದ್ನಾ ನಾನು? ಎದೆ ಮುಟ್ಕೊಂಡು ಹೇಳಿ, ಹೇಳಿದ್ನಾ?

ಇಟ್ಟಿಚೆರಿಯ: ಹೆಸರೊಂದು ಬಿಟ್ಟೆ, ಮಹಾತಾಯಿ. ಕಾಲುವೆ ದಂಡೆಯ ಸಹೋದರ, ಕೆಂಪು ಕೊಡೆ, ಚಿನ್ನ ಕಟ್ಟಿಸಿದ ಹಲ್ಲು. ಈ ವಾರ್ಡಲ್ಲಿ ಚಿನ್ನದ ಹಲ್ಲು ಇನ್ಯಾರಿಗಿದೆ?

ಶೋಶಾಮ್ಮ: ದೇವರಿಗೆ ಗುರುತು ಸಿಗೋದು ಬೇಡ್ವಾ?

ಇಟ್ಟಿಚೆರಿಯ: ದೇವರಿಗೆ ಗುರುತು ಹೇಳೋಕೆ ಊರ ಹೆಂಗಸರೆಲ್ಲ ಬೇಕಾಗಿತ್ತಾ?

ಕೋಟ್ಟಯಂ ಕಡೆಯ ಆ ಇಗರ್ಜಿಯ ವಾರ್ಡಿನಲ್ಲಿ ಗುರುವಾರದ ಪ್ರಾರ್ಥನಾ ಕೂಟ ಮನೆಯಿಂದ ಮನೆಗೆ ಸುತ್ತುತ್ತದೆ. ಈ ಸಂಜೆ ಈ ಗಂಡ ಹೆಂಡತಿಯ ಮನೆಯ ಸರದಿ. ಕೂಟದ ಕಡೆಯಲ್ಲಿ, ಯಾರ ಕಷ್ಟಕ್ಕೆ ಪ್ರಾರ್ಥಿಸೋಣ ಎಂದು ಪಾದ್ರಿಗಳು ಕೇಳುವುದು ಪದ್ಧತಿ. ಪರರ ವಿಷಯವಾದರೆ ಹೆಸರೆತ್ತಬಾರದೆಂಬುದು ಮರ್ಯಾದೆ. ಹೋದ ವಾರ ಶೋಶಾಮ್ಮ ಆ ಮರ್ಯಾದೆಯನ್ನು ಚಾಚೂ ತಪ್ಪದೆ ಪಾಲಿಸಿ, ಪಕ್ಕದ ಮನೆಯ ಪೋತನ್ ಕುಡಿದು ಕಾಲುವೆಗೆ ಬಿದ್ದದ್ದನ್ನು ಕಣ್ಣೀರಿಟ್ಟು ನಿವೇದಿಸಿದ್ದಳು. ಆ ಪ್ರಾರ್ಥನೆ ದೇವರಿಗೆ ಯಾವಾಗ ಮುಟ್ಟಿತೋ ಕಾಣೆ, ಪೋತನ್ ಮಗಳನ್ನು ಒಪ್ಪಿಕೊಂಡಿದ್ದ ಗಂಡಿನ ಮನೆಗಂತೂ ಭಾನುವಾರದೊಳಗೆ ಮುಟ್ಟಿತ್ತು. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಜನ ಅವರು. ಇತ್ತ, ಇವತ್ತಿನ ಕೂಟದಲ್ಲಿ ನಾಲಿಗೆಯನ್ನು ಬಿಗಿಹಿಡಿಯುವ ಬಗ್ಗೆ ನಾಲ್ಕು ಮಾತಾಡುವ ಪಾಳಿ ಇಟ್ಟಿಚೆರಿಯನ ತಲೆಗೆ ಬಂದಿತ್ತು. ಬೆಳಗಿನ ಗಂಜಿಯನ್ನೂ ಅವನು ಹಾಗೇ ಬಿಟ್ಟಿದ್ದ.

ಇಟ್ಟಿಚೆರಿಯ: ಕೂಟಕ್ಕೆ ಮುಂಚೆ ಪೋತನ್ ಮನೆಗೆ ಹೋಗಿ, ರಾಹೇಲಮ್ಮನಿಗೆ ತಪ್ಪಾಯ್ತು ಅಂದು ಬಾ.

ಶೋಶಾಮ್ಮ: ಸತ್ಯ ಹೇಳಿದ್ದಕ್ಕೆ ತಪ್ಪಾಯ್ತು ಅನ್ಬೇಕಾ? ಪೋತನ್ ಬಿದ್ದಿದ್ದು ಸುಳ್ಳಾ?

ಇಟ್ಟಿಚೆರಿಯ: ಸುಳ್ಳಲ್ಲ. ಆದ್ರೂ...

ಶೋಶಾಮ್ಮ: ಹೆಂಡದಂಗಡಿಯಿಂದ ಬರ್ತಾ ಬಿದ್ದಿದ್ದು ಸುಳ್ಳಾ?

ಇಟ್ಟಿಚೆರಿಯ: ಅದೂ ಅಲ್ಲ.

ಶೋಶಾಮ್ಮ: ಮತ್ತೆ? ಸತ್ಯವನ್ನ ಬಾಯಲ್ಲಿ ಕೊಳೆಯೋಕೆ ಬಿಡೋಳಲ್ಲ ನಾನು.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಪೋತನ್ ಹೆಂಡತಿ ರಾಹೇಲಮ್ಮನೇ ಬಂದು ನಿಂತಳು. ಯಾರ ಮನೆಯಲ್ಲಿ ಕೂಟವಾದರೂ ಹಾಸುವ ಚಾಪೆ ಅವಳ ಮನೆಯದು. ಚಾಪೆಗಳನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

ರಾಹೇಲಮ್ಮ: ಗಂಡಿನ ಕಡೆಯವರು ನಾಳೆ ಹೂಂ ಅಥವಾ ಉಹೂಂ ಅಂತಾರಂತೆ. ನಿನ್ನ ಹತ್ರ ಒಂದೇ ಬೇಡಿಕೆ, ಶೋಶಾಮ್ಮ.

ಶೋಶಾಮ್ಮ: ಹೇಳು ತಾಯಿ. ಪ್ರಾರ್ಥನೆಗಿಡ್ಲಾ?

ರಾಹೇಲಮ್ಮ: ಅದೇ ಬೇಡ. ಇವತ್ತೊಂದು ದಿನ ನಮಗೋಸ್ಕರ ಪ್ರಾರ್ಥನೆ ಮಾಡ್ಬೇಡ. ಹೋದ ವಾರದ್ದೇ ಇನ್ನೂ ಅರಗಿಲ್ಲ.

ಅವಳು ಇಟ್ಟಿಚೆರಿಯನನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಲು ಹೊರಟವಳು ನುಂಗಿಕೊಂಡು ಹೋದಳು. ಅವನು ಜಗಲಿಯ ಮೇಲೆ ಕೂತ.

ಇಟ್ಟಿಚೆರಿಯ: ಅವಳಿಗೆ ಗೊತ್ತು ಕಣೇ. ಹೇಳ್ಬೇಡ ಅಂತ ಪೋತನ್ ಅವಳ ಬಾಯಿ ಕಟ್ಟಿದ್ದಾನೆ.

ಶೋಶಾಮ್ಮ: ಏನು ಗೊತ್ತು?

ಇಟ್ಟಿಚೆರಿಯ: ಅವತ್ತು ಅಂಗಡೀಲಿ ಪೋತನ್ ತಿಂದಿದ್ದು ಮರಗೆಣಸು, ಮೀನು ಸಾರು. ಅಷ್ಟೇ. ಹನಿ ಹೆಂಡ ಮುಟ್ಟಿಲ್ಲ.

ಶೋಶಾಮ್ಮ: ಮತ್ತೆ ಬಿದ್ದಿದ್ದು?

ಇಟ್ಟಿಚೆರಿಯ: ನನ್ನ ಹೊತ್ಕೊಂಡು.

ಒಲೆಯ ಮೇಲಿನ ಕಡುಬಿನ ಪಾತ್ರೆಯತ್ತ ಹೊರಟಿದ್ದ ಶೋಶಾಮ್ಮ ಸೌಟು ಹಿಡಿದು ತಿರುಗಿದಳು.

ಶೋಶಾಮ್ಮ: ‘ಪೋತನ್ ಕಾಲುವೆಗೆ ಬಿದ್ದ, ಅದಕ್ಕೇ ನಾನೂ ನೆಂದೆ’ ಅಂದ್ರಲ್ರೀ ನೀವು!

ಇಟ್ಟಿಚೆರಿಯ: ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಶೋಶಾಮ್ಮ: ಕುಡಿದಿದ್ನಾ ಅಂತ ಕೇಳ್ದೆ. ತಲೆ ಒರೆಸ್ಕೊಳ್ತಾ ಸುಮ್ನಿದ್ರಿ.

ಇಟ್ಟಿಚೆರಿಯ: ನಾಲಿಗೆ ಬಿಗಿಹಿಡಿದಿದ್ದೆ.

ಶೋಶಾಮ್ಮ: ಚೆನ್ನಾಗಿ ಹಿಡಿದ್ರಿ. ನಾನು ಆಡಿ ಕೆಟ್ಟೆ, ನೀವು ಆಡದೆ ಕೆಡಿಸಿದ್ರಿ.

ಇಟ್ಟಿಚೆರಿಯ: ಇವತ್ತು ಕೂಟದಲ್ಲಿ ಎಲ್ಲರ ಮುಂದೆ ಹೇಳ್ಬಿಡ್ತೀನಿ.

ಶೋಶಾಮ್ಮ ಸೌಟು ಹಿಡಿದೇ ಓಡಿ ಬಂದಳು.

ಶೋಶಾಮ್ಮ: ನಿಮ್ಮ ದಮ್ಮಯ್ಯ, ಎಲ್ಲರ ಮುಂದೆ ಎಲ್ಲಾ ಸತ್ಯ ಹೇಳ್ಬಾರ್ದು ರೀ. ಮಾತಿಗೊಂದು ವಿವೇಕ ಬೇಡ್ವಾ?

ಇಟ್ಟಿಚೆರಿಯ: ಬಾಯಲ್ಲಿ ಕೊಳೆಯಲ್ವಾ?

ಶೋಶಾಮ್ಮ: ಒಂದು ವಾರ ಇಟ್ಕೊಂಡಿದ್ರಲ್ಲ, ಇನ್ನೊಂದಿಷ್ಟು ದಿನ ಇಟ್ಕೊಳಿ. ನಿಮ್ಮ ಮಾನ ನನ್ನದಲ್ವಾ?

ಇಟ್ಟಿಚೆರಿಯ: ಪೋತನ್ ಮಾನ ಯಾರದು?

ಶೋಶಾಮ್ಮ ಸೌಟನ್ನು ಒಳಗಿಟ್ಟು ಬಂದಳು. ಚಾಪೆ ಹಾಸಿದಳು. ಜನ ಬಂದು ಕೂತರು, ಪೋತನ್ನೂ ಬಂದು ಗೋಡೆಯ ಮೂಲೆ ಹಿಡಿದ. ಹಾಡು ಮುಗಿಯಿತು. ನಾಲಿಗೆಯ ಬಗ್ಗೆ ಇಟ್ಟಿಚೆರಿಯ ಏನು ಹೇಳಿದನೋ ಅವನಿಗೇ ನೆನಪಿಲ್ಲ. ಕೊನೆಗೆ ಪಾದ್ರಿಗಳು, ಯಾರಿಗಾಗಿ ಪ್ರಾರ್ಥಿಸೋಣ ಎಂದು ಕೇಳಿದರು. ಇಟ್ಟಿಚೆರಿಯ ಎದ್ದ. ಶೋಶಾಮ್ಮ ಅವನ ಪಂಚೆಯ ತುದಿ ಹಿಡಿದು ಜಗ್ಗಿದಳು.

ಶೋಶಾಮ್ಮ: (ಪಿಸುಗುಟ್ಟಿ) ಹೆಸರು ಮಾತ್ರ ಹೇಳ್ಬೇಡಿ.

ಇಟ್ಟಿಚೆರಿಯ: ಫಾದರ್, ಇವತ್ತು ಹೆಸರು ಹೇಳೇ ಕೇಳ್ತೀನಿ. ಹೆಸರು ಇಟ್ಟಿಚೆರಿಯ. ಅವತ್ತು ಕುಡಿದಿದ್ದು ಅವನು. ಪೋತನ್ ಅವನನ್ನ ಹೊತ್ತು ತರ್ತಾ ಬಿದ್ದ. ಅವನು ಬಾಯಿ ಮುಚ್ಕೊಂಡು ಪೋತನ್ ಮರ್ಯಾದೆ ತೆಗೆದ.

ಮೂಲೆಯಲ್ಲಿ ಪೋತನ್ ಕಣ್ಣೊರೆಸಿಕೊಂಡ.

ಪಾದ್ರಿ: ನಾಳೆ ಬೆಳಿಗ್ಗೆ ಗಂಡಿನ ಮನೆಗೆ ನನ್ನ ಜೊತೆ ಬಾ. ಇದನ್ನೇ ಅಲ್ಲೂ ಹೇಳು. ಬೇರೆ ಯಾರಾದರೂ?

ಶೋಶಾಮ್ಮ ಬಹಳ ಹೊತ್ತು ಚಾಪೆಯ ಎಳೆ ಕಿತ್ತಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

ಶೋಶಾಮ್ಮ: ಒಬ್ಬ ಸಹೋದರಿ ಇದ್ದಾಳೆ, ಫಾದರ್. ಇದೇ ವಾರ್ಡಿನವಳು. ಹೆಸರು ಹೇಳಲ್ಲ...

ರಾಹೇಲಮ್ಮ: (ಪಕ್ಕಕ್ಕೆ ಸರಿದು, ಚಾಪೆಯಲ್ಲಿ ಜಾಗ ಮಾಡುತ್ತಾ) ಬೇಡ ಬಿಡು ಶೋಶಾಮ್ಮ, ಗುರುತು ಸಿಕ್ತು. ಬಾ, ಕೂತ್ಕೋ.