ಕುಂಕುಮದ ಭರಣಿಯಲ್ಲಿ ಹದಿನಾಲ್ಕು ಗುಳಿಗೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಇದು ನನ್ನ ಸೊಂಟನೋವು ಹುಟ್ಟಿದ ಗಳಿಗೆ. ನಾನು ಹುಟ್ಟಿದ ಗಳಿಗೆಯ ಬಗ್ಗೆ ನಮ್ಮಲ್ಲಿ ಇಂದಿಗೂ ತಕರಾರಿದೆ. ದನ ಮನೆಗೆ ಬರುವ ಹೊತ್ತು ಎಂದು ಅವ್ವ ಹೇಳಿದರೆ, ದೀಪ ಹಚ್ಚಿಯಾಗಿತ್ತು ಎಂದು ದೇವದುರ್ಗದ ಈರಣ್ಣ ಮಾಮ ವಾದಿಸುತ್ತಾನೆ. ನೋವಿನ ವಿಷಯದಲ್ಲಿ ಆ ಗೊಂದಲವಿಲ್ಲ, ಬೇಕಾದರೆ ಜಾತಕವನ್ನೇ ಬರೆಸಬಹುದು. ಅವತ್ತು ನಳಕ್ಕೆ ನೀರು ಬಂದಿತ್ತು. ಹನ್ನೊಂದನೆಯ ಕೊಡ ಎತ್ತುವಾಗ ಸೊಂಟದಲ್ಲಿ ಏನೋ ಹಿಡಿದುಕೊಂಡಿತು, ಇನ್ನೂ ಬಿಟ್ಟಿಲ್ಲ. ಹನ್ನೊಂದನೆಯದೇ ಎಂದು ಹೇಗೆ ಗೊತ್ತು ಎನ್ನುತ್ತೀರಾ? ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಹಾಜರಿ ಪುಸ್ತಕ ಬರೆದು ಬರೆದು, ಎಣಿಸಿದ್ದೆಲ್ಲ ಹತೋಟಿಯಲ್ಲಿರುತ್ತದೆ ಎಂಬ ನಂಬಿಕೆ ಬಂದುಬಿಟ್ಟಿದೆ. ಆದ್ದರಿಂದ ನೋವಿಗೂ ಒಂದು ನೋಟ್‌ಬುಕ್ ತೆಗೆದೆ. ಹತ್ತು ಅಂಕಗಳಿಗೆ ಎಷ್ಟು ನೋವು, ಯಾವ ಹೊತ್ತಿಗೆ, ಎಷ್ಟು ನಿಮಿಷ ಕೂತೆ, ಎಷ್ಟು ತಾಸು ನಿದ್ದೆ, ಎಲ್ಲಕ್ಕೂ ಒಂದೊಂದು ಅಂಕಣ. ನಮ್ಮ ಶಾಲೆಯ ಯಾವ ಮಗುವೂ ಇಷ್ಟು ನಿಷ್ಠೆಯಿಂದ ಹಾಜರಾಗಿದ್ದು ನನಗೆ ನೆನಪಿಲ್ಲ.

ಕುರ್ಚಿಯಲ್ಲಿ ಕೂರಬಲ್ಲೆ, ಗೋಡೆ ಹಿಡಿದು ನಡೆಯಬಲ್ಲೆ. ಆಗದೆ ಹೋದದ್ದು ನೆಲದ ಮೇಲೆ ಕೂರುವುದು. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಸುಖವೆಲ್ಲ ನೆಲದ ಮೇಲೆಯೇ ನಡೆಯುತ್ತದೆ. ಚಿಕ್ಕವರಿದ್ದಾಗ ದೇವದುರ್ಗದಲ್ಲಿ ನಾನೂ ತಂಗಿ ಮಂಜುವೂ ಸಂಜೆ ಮಾಳಿಗೆ ಹತ್ತಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಡಬ್ಬಿಗೆ ಬಿದ್ದದ್ದಕ್ಕಿಂತ ಬಾಯಿಗೆ ಬಿದ್ದದ್ದೇ ಹೆಚ್ಚು. ಬಿಸಿಲು ಕುಡಿದ ಮಾಳಿಗೆಯ ಕಾವು ತೊಡೆಗೆ ಹತ್ತುತ್ತಿತ್ತು. ಮಂಜು ಮದುವೆಯಾಗಿ ಮಾನ್ವಿಗೆ ಹೋದ ಮೇಲೂ, ಬಂದಾಗಲೆಲ್ಲ ಅಡುಗೆಮನೆಯ ನೆಲವೇ ನಮ್ಮ ಸಭೆ. ಈಗ ಅವಳು ಬಂದರೆ ನಾನು ಕುರ್ಚಿಯ ಮೇಲೆ, ಅವಳು ಕೆಳಗೆ. ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲು ಬಂದವಳ ಹಾಗೆ ಕತ್ತೆತ್ತಿ ಮಾತಾಡುತ್ತಾಳೆ.

ಮುಲಾಮು, ಕಾಸಿದ ಉಪ್ಪಿನ ಗಂಟು, ಸೊಂಟ ಎಳೆಯುವವರು ಎಲ್ಲ ಮುಗಿದ ಮೇಲೆ, ಈ ವರ್ಷದ ಜನವರಿ ಮೂರರಂದು ಡಾಕ್ಟ್ರಮ್ಮ ಒಂದು ಗುಳಿಗೆ ಬರೆದುಕೊಟ್ಟರು. ಮುಂಜಾನೆ ಒಂದು, ರಾತ್ರಿ ಒಂದು. ಎರಡು ವಾರಕ್ಕಾಗುವಷ್ಟೇ ಕೊಡುವುದು, ಮುಗಿದ ಮೇಲೆ ಬಂದು ತೋರಿಸಬೇಕು. ಔಷಧಿ ಅಂಗಡಿಯವನು ಚೀಟಿಯನ್ನು ಎರಡು ಸಲ ಓದಿ, ನನ್ನ ಮುಖವನ್ನು ಮೂರು ಸಲ ನೋಡಿ, ಚೀಟಿಯ ಮೇಲೆ ಠಸ್ಸೆ ಒತ್ತಿದ. ಆ ಠಸ್ಸೆ ನೋಡಿಯೇ ನನಗೆ ಅರ್ಧ ಹೆದರಿಕೆ. ಉಳಿದರ್ಧವನ್ನು ಈರಣ್ಣ ಮಾಮ ಫೋನಿನಲ್ಲಿ ಪೂರ್ತಿಮಾಡಿದ.

"ಯವ್ವಾ, ಬ್ಯಾನಿ ಗುಳಗಿ ಅಂದ್ರ ಹುಡುಗಾಟ ಅಲ್ಲ. ಇವತ್ತ ಒಂದು, ನಾಳಿ ಎಲ್ಡು, ನಾಡಿದ್ದಿಗೆ ಅದ ನಿನ್ನ ನುಂಗತದ. ಚಟ ಭಾಳ ಕೆಟ್ಟದ್ದು ನೋಡವ್ವ," ಎಂದ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದ ಸದ್ದು ಫೋನಿನಲ್ಲೇ ಕೇಳಿಸಿತು.

ನಿಜ ಹೇಳಬೇಕೆಂದರೆ, ನನ್ನನ್ನು ಹೆದರಿಸಿದ್ದು ಆ ಗುಳಿಗೆ ಕೊಟ್ಟ ಹಿತ. ಎರಡು ವಾರದಲ್ಲಿ ನೋವು ಎಂಟರಿಂದ ನಾಲ್ಕಕ್ಕಿಳಿಯಿತು. ನಿದ್ದೆ ಬಂತು. ಜನವರಿ ಹತ್ತೊಂಬತ್ತರ ಸಂಜೆ ಇಪ್ಪತ್ತೈದು ನಿಮಿಷ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸಿದೆ. ಸೋಸುತ್ತ ಸೋಸುತ್ತ ಅನುಮಾನ ಹುಟ್ಟಿತು: ಇಷ್ಟು ಹಿತವಾದದ್ದು ಒಳ್ಳೆಯದಿರಲು ಸಾಧ್ಯವೇ?

ಅಷ್ಟರಲ್ಲಿ ಮಾನ್ವಿಯಿಂದ ಸುದ್ದಿ ಬಂತು. ಫೆಬ್ರುವರಿ ಎಂಟರ ಭಾನುವಾರ ಮಂಜುವಿನ ಕುಬುಸ, ಅಂದರೆ ಸೀಮಂತ. ಅವಳಿಗೆ ಏಳು ತಿಂಗಳು. "ಅಕ್ಕಾ, ಆವತ್ತ ಕುರ್ಚಿ ಗಿರ್ಚಿ ನಡ್ಯಂಗಿಲ್ಲ. ನನ್ನ ಬಾಜೂಕ ಕುಂದರಬೇಕ ನೀ," ಎಂದು ಅಪ್ಪಣೆ ಮಾಡಿದಳು. ನನಗೂ ಜಗತ್ತಿನಲ್ಲಿ ಬೇರೇನೂ ಬೇಡವಾಗಿತ್ತು. ಆಗ ನಾನೊಂದು ಯೋಜನೆ ಹಾಕಿದೆ. ಶಿವರಾತ್ರಿಯ ಉಪವಾಸದ ಮರುದಿನ ತುತ್ತು ಅನ್ನಕ್ಕೆ ಎಷ್ಟು ಬಲ! ಗುಳಿಗೆಗೂ ಹಾಗೆಯೇ ಇರಬೇಕು. ರಾತ್ರಿಯದನ್ನು ಬಿಟ್ಟು ದೇಹಕ್ಕೆ ಉಪವಾಸ ಕೆಡವಿದರೆ, ಚಟವೂ ಹತ್ತುವುದಿಲ್ಲ, ಕುಬುಸದ ದಿನ ಒಂದೇ ಗುಳಿಗೆ ಎರಡರ ಕೆಲಸ ಮಾಡುತ್ತದೆ. ಎರಡು ವಾರಕ್ಕೊಮ್ಮೆ ಹೊಸ ಚೀಟಿಗೆ ಹೋದಾಗಲೂ ಡಾಕ್ಟ್ರಮ್ಮನನ್ನು ಕೇಳಲಿಲ್ಲ. ಇಷ್ಟು ಸರಿಯಾದ ಲೆಕ್ಕವನ್ನು ಯಾರನ್ನಾದರೂ ಕೇಳುವುದುಂಟೇ? ಜನವರಿ ಇಪ್ಪತ್ತೈದರಿಂದ ದಿನಕ್ಕೊಂದರಂತೆ ಉಳಿಸಿದ ಗುಳಿಗೆಗಳನ್ನು ದೇವರ ಜಗಲಿಯ ಹಿಂದಿನ ಹಳೆಯ ಕುಂಕುಮದ ಭರಣಿಗೆ ಹಾಕುತ್ತ ಬಂದೆ. ಹದಿನಾಲ್ಕು ರಾತ್ರಿ, ಹದಿನಾಲ್ಕು ಗುಳಿಗೆ. ನಿದ್ದೆಯ ಅಂಕಣದಲ್ಲಿ ಹದಿನಾಲ್ಕು ಸೊನ್ನೆ.

ಭಾನುವಾರ ಮುಂಜಾನೆಯ ಗುಳಿಗೆಯನ್ನು ತೀರ್ಥದಂತೆ ನುಂಗಿ, ಅವ್ವನ ಜೊತೆ ಬಸ್ ಹತ್ತಿದೆ. ಬಲ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುತ್ತಿರುವಾಗಲೇ ಬಸ್ ಕಲ್ಮಲ ಊರು ದಾಟಿತು. ಮಾನ್ವಿಯಲ್ಲಿ ಇಳಿಯುವಾಗ ನೋವು ಎಂಟು. ಆದರೂ ಹೋಗಿ, ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಚಾಪೆಯ ಮೇಲೆ ಕೂತಿದ್ದ ಮಂಜುವಿನ ಬಾಜೂಕ ಕೂತೆ. ಅವಳ ಮೊಣಕಾಲು ನನ್ನದಕ್ಕೆ ತಾಗಿತು. ಅವಳು ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಒದಿಯಾಕತ್ತದ ನೋಡ್ಲೇ ಅಕ್ಕಾ," ಎಂದಳು. ಹನ್ನೊಂದು ನಿಮಿಷ. ಗೋಡೆಯ ಗಡಿಯಾರ ಎದುರಿಗೇ ಇತ್ತು. ಹನ್ನೆರಡನೆಯದರಲ್ಲಿ ಸೊಂಟ ಬಿಗಿದು ಕಣ್ಣಿಗೆ ಕತ್ತಲೆ ಬಂತು. ಏಳಲು ಹೋದರೆ ಏಳಲಾಗಲಿಲ್ಲ. ಯಾರಾದರೂ ಬರುವ ಮೊದಲೇ ಮಂಜು ತನ್ನ ಹೊಟ್ಟೆ ಹಿಡಿದುಕೊಂಡು ಎದ್ದು, ನನಗೆ ಕೈ ಕೊಟ್ಟು ಎಬ್ಬಿಸಿದಳು.

ಆರತಿ ಹಿಡಿದಿದ್ದ ಅವಳ ಅತ್ತೆ ದಂಗಾಗಿ ನಿಂತರು. "ಯವ್ವಾ, ಕುಬುಸ ಯಾರದು ಮಾಡಾಕತ್ತೀವಿ ನಾವು?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ತಂದರು. ಅದರ ಮೇಲೆ ಕೂತು ಉಳಿದ ಕುಬುಸವನ್ನು ಮೇಲಿನಿಂದ ನೋಡಿದೆ. ಮಂಜುವಿನ ಪಕ್ಕದ ಚಾಪೆ ಖಾಲಿಯಿತ್ತು. ಅಲ್ಲಿ ಅವಳು ಯಾರನ್ನೂ ಕೂರಗೊಡಲಿಲ್ಲ.

ಮರುದಿನ ಹೆರಿಗೆಗೆಂದು ಮಂಜುವನ್ನು ರಾಯಚೂರಿಗೆ ಕರೆತಂದೆವು. ಈರಣ್ಣ ಮಾಮನೂ ಜೊತೆಗಿದ್ದ. ತವರಿಗೆ ಬಂದ ಬಸುರಿಗೆ ಹೊಸ್ತಿಲಲ್ಲೇ ಕುಂಕುಮ ಹಚ್ಚಬೇಕು, ಅದೂ ಅಜ್ಜಿಯ ಕಾಲದ ಹಳೆಯ ಭರಣಿಯಿಂದಲೇ ಹಚ್ಚಬೇಕು. ಇಷ್ಟೆಲ್ಲ ಎಣಿಸುವ ನಾನು ಇದೊಂದನ್ನು ಮರೆತಿದ್ದೆ. ಅವ್ವ ಮುಚ್ಚಳ ತೆಗೆದಳು. ಕೆಂಪಾದ ಹದಿನಾಲ್ಕು ಗುಳಿಗೆ.

"ಮುಚ್ಚಿಟ್ಟು ತಿನ್ನಾಕತ್ಯಾಳ! ನಾ ಅವತ್ತ ಹೇಳಿದ್ದೆ!" ಎಂದು ಮಾಮ ಹೊಸ್ತಿಲಾಚೆಯಿಂದಲೇ ತೀರ್ಪು ಕೊಟ್ಟ. ಅವ್ವನ ಕಣ್ಣಲ್ಲಿ ನೀರು. ತಿನ್ನದೆ ಬಿಟ್ಟದ್ದಕ್ಕೆ ಸಾಕ್ಷಿಯಾಗಿದ್ದ ಗುಳಿಗೆಗಳು ಚಟದ ಸಾಕ್ಷಿಯಾಗಿ ನಿಂತವು. ನೋಟ್‌ಬುಕ್ ತಂದು ತೋರಿಸಿದೆ. ಮಂಜು ಹೊಸ್ತಿಲಲ್ಲಿ ನಿಂತೇ ಹಾಳೆ ತಿರುವಿದಳು. "ಅಕ್ಕಾ, ಹದಿನಾಕು ರಾತ್ರಿ ಮಕ್ಕೊಂಡಿಲ್ಲೇನ ನೀ? ನನ್ನ ಸಲುವಾಗಿ?" ಎಂದಳು. ಆಗ ಯಾರೂ ನಗಲಿಲ್ಲ. ಮಾಮ ತಂಬಾಕು ಉಗುಳಲು ಹೊರಗೆ ಹೋದ.

ಮಂಗಳವಾರ ಡಾಕ್ಟ್ರಮ್ಮ ಭರಣಿಯನ್ನೂ ನೋಟ್‌ಬುಕ್ಕನ್ನೂ ನೋಡಿದರು. "ಹೆದರೋದು ತಪ್ಪಲ್ರೀ. ಚಟ ಹತ್ತೋದೂ ಉಂಟು, ಅದಕ್ಕ ನಾ ಎಲ್ಡ ವಾರದ್ದು ಬರದು, ತಿರುಗಿ ಬರ್ರಿ ಅಂತೀನಿ. ನನ್ನ ಕೇಳಲಾರದ ಹೆಚ್ಚ ಮಾಡಬಾರದು, ಕೇಳಲಾರದ ಬಿಡಲೂಬಾರದು. ಬ್ಯಾಡಾದಾಗ ಸಾವಕಾಶ ಇಳಸೋಣು," ಎಂದು ಆ ಹದಿನಾಲ್ಕನ್ನೂ ತಾವೇ ಇಸಿದುಕೊಂಡು, ಹಳೆಯ ಹೊತ್ತಿಗೇ ಮತ್ತೆ ಶುರುಮಾಡಿಸಿದರು.

ಈಗ ದಿನಾ ಸಂಜೆ ಆರಕ್ಕೆ ಮಂಜುವಿನ ಪಕ್ಕ ನೆಲಕ್ಕೆ ಕೂರುತ್ತೇನೆ. ನಿಮಿಷಗಳ ಅಂಕಣ ಹೀಗಿದೆ: ಒಂಬತ್ತು, ಹನ್ನೊಂದು, ಹನ್ನೊಂದು, ಹದಿನಾಲ್ಕು, ಏಳು, ಹದಿನಾರು. ಏಪ್ರಿಲ್‌ನಲ್ಲಿ ಕೂಸು ಬರುತ್ತದೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಬೇಕಾದರೆ ಮೊದಲು ನೆಲದ ಮೇಲೆ ತೊಡೆ ಹರವಬೇಕು. ಒಂದು ಕೂಸು ನಿದ್ದೆಹೋಗಲು ಎಷ್ಟು ನಿಮಿಷ ಬೇಕು ಎಂಬುದು ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಅವ್ವನನ್ನು ಕೇಳಿದರೆ, "ಅದು ಮಕ್ಕೊಳ್ಳೋ ತನಕ," ಎನ್ನುತ್ತಾಳೆ. ಇದನ್ನು ಯಾವ ಅಂಕಣದಲ್ಲಿ ಬರೆಯಲಿ? ನಿಮ್ಮಲ್ಲಿ ಯಾರಿಗಾದರೂ ಇಂಥ ಸೊಂಟವಿದ್ದು, ಹೀಗೆ ಕೂಸು ಮಲಗಿಸಿದ ಅನುಭವವಿದ್ದರೆ ದಯವಿಟ್ಟು ನನಗೆ ಬರೆಯಿರಿ. ಬರೆಯುವಾಗ ದಿನಾಂಕ, ವೇಳೆ ಹಾಕುವುದನ್ನು ಮಾತ್ರ ಮರೆಯಬೇಡಿ. ಅವಿಲ್ಲದಿದ್ದರೆ ನನಗೆ ನಂಬಿಕೆ ಬರುವುದಿಲ್ಲ.